ಆಪ್ತವಾಕ್ಯವೂ ಯಂತ್ರವಾಕ್ಯವೂ

ಕನ್ನಡದಲ್ಲಿ ‘ನಂಬಿಕೆ’ ಎನ್ನುವ ಕಡೆ ಸಂಸ್ಕೃತದಲ್ಲಿ ‘ವಿಶ್ವಾಸ’ ಎನ್ನುವುದುಂಟು. ‘ವಿಶ್ವಾಸ’ ಶಬ್ದದ ಮೂಲದಲ್ಲಿರುವುದು ಉಸಿರಾಡು ಎಂಬ ಅರ್ಥದ ‘ಶ್ವಸ್’ ಧಾತು. ಯಾರ ಬಳಿಯಲ್ಲಿ ಮನುಷ್ಯನು ಅಳುಕಿಲ್ಲದೆ ಉಸಿರಾಡಬಲ್ಲನೋ ಅವರಲ್ಲಿ ಅವನಿಗೆ ವಿಶ್ವಾಸವಿದೆಯೆಂದು ತಿಳಿಯಬೇಕು. ಹಿಂದೆ ಈ ವಿಶ್ವಾಸವು ಮನುಷ್ಯ ಮನುಷ್ಯರ ನಡುವಿನ ಮಾತಾಗಿತ್ತು. ಕಿರಾಣಿ ಅಂಗಡಿಯ ಯಜಮಾನನ ತಕ್ಕಡಿಯನ್ನು ಜನ ನಂಬುತ್ತಿದ್ದುದು ಯಜಮಾನನನ್ನು ನಂಬಿದ್ದರಿಂದಲೇ. ಇಂದು ಬ್ಯಾಂಕಿನ ಶಿಲ್ಕು, ಪಡಿತರದ ಲೆಕ್ಕ, ಪರೀಕ್ಷೆಯ ಅಂಕಪಟ್ಟಿ, ಆಸ್ತಿಯ ಪಹಣಿ ಎಲ್ಲವೂ ಗಣಕಯಂತ್ರದೊಳಗೆ ಸೇರಿವೆ. ಯಂತ್ರವನ್ನು ಕಟ್ಟಿಕೊಟ್ಟ ಕಂಪನಿಯ ಮುಖವನ್ನು ಬಳಸುವವನು ಎಂದೂ ಕಂಡಿರುವುದಿಲ್ಲ. ಹೀಗಿರುವಲ್ಲಿ ತಂತ್ರಜ್ಞಾನದ ಕಂಪನಿಗಳಲ್ಲಿ ನಂಬಲು ಯೋಗ್ಯವಾದುದು ಯಾವುದು, ಅಯೋಗ್ಯವಾದುದು ಯಾವುದು ಎಂಬ ಪ್ರಶ್ನೆಯು ಪಂಡಿತರ ಚರ್ಚೆಗೆ ಮಾತ್ರ ಸೇರಿದ್ದಲ್ಲ. ಅದು ಎಲ್ಲರ ಮನೆಬಾಗಿಲಿಗೂ ಬಂದಿರುವ ಪ್ರಶ್ನೆ. ಇಂಗ್ಲೆಂಡಿನಲ್ಲಿ ನಡೆದ ಒಂದು ವೃತ್ತಾಂತವನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಆಪ್ತನೆಂದರೆ ಯಾರು?

ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಒಪ್ಪುತ್ತಾರೆ. ಇವುಗಳಲ್ಲಿ ಶಬ್ದಪ್ರಮಾಣವೆಂದರೆ ಆಪ್ತನ ಮಾತು. ಕಣ್ಣಾರೆ ಕಾಣದ, ಊಹೆಗೂ ಎಟುಕದ ಸಂಗತಿಯನ್ನು ಬಲ್ಲವರ ಮಾತಿನಿಂದ ತಿಳಿಯುವುದೇ ಶಬ್ದಪ್ರಮಾಣ. ಆದರೆ ಯಾರ ಮಾತಾದರೂ ಪ್ರಮಾಣವಾಗಲಾರದು. ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನು ಆಪ್ತನಲ್ಲಿ ಮುಖ್ಯವಾಗಿ ಎರಡು ಗುಣಗಳನ್ನು ಅಪೇಕ್ಷಿಸುತ್ತಾನೆ. ಮೊದಲನೆಯದು, ಅವನು ವಿಷಯವನ್ನು ಇದ್ದಂತೆ ಸಾಕ್ಷಾತ್ತಾಗಿ ಬಲ್ಲವನಾಗಿರಬೇಕು. ಎರಡನೆಯದು, ತಾನು ಕಂಡದ್ದನ್ನು ಕಂಡಂತೆಯೇ ಇತರರಿಗೆ ತಿಳಿಸುವ ಇಚ್ಛೆ ಅವನಲ್ಲಿರಬೇಕು. ಬರಿಯ ಜ್ಞಾನವಿದ್ದರೆ ಸಾಲದು, ಬರಿಯ ಸದಿಚ್ಛೆಯಿದ್ದರೂ ಸಾಲದು. ಬಲ್ಲವನು ಹೇಳದಿದ್ದರೆ ಅವನ ಅರಿವಿನಿಂದ ಕೇಳುವವನಿಗೆ ಪ್ರಯೋಜನವಿಲ್ಲ. ಅರಿಯದವನು ಹೇಳಿದರೆ ಕೇಳುವವನಿಗೆ ಕೇಡು.

ಗಣಕಯಂತ್ರದ ತೆರೆಯ ಮೇಲೆ ಮೂಡುವ ಅಂಕಿಯೂ ಒಂದು ವಾಕ್ಯವೇ. ‘ನಿನ್ನ ಪೆಟ್ಟಿಗೆಯಲ್ಲಿ ಇಷ್ಟು ಹಣವಿರಬೇಕು’ ಎಂದು ಅದು ನುಡಿಯುತ್ತದೆ. ಯಂತ್ರಕ್ಕೆ ಸ್ವಂತ ಅರಿವಿಲ್ಲ, ಇಚ್ಛೆಯೂ ಇಲ್ಲ. ಆದಕಾರಣ ಆ ವಾಕ್ಯದ ಹಿಂದೆ ನಿಂತು ಮಾತನಾಡುವವರು ಅದನ್ನು ಕಟ್ಟಿದ, ಕಾಯುವ, ರಿಪೇರಿ ಮಾಡುವ ಕಂಪನಿಯವರು. ಯಂತ್ರದ ಮಾತು ಆಪ್ತವಾಕ್ಯವೆನಿಸಬೇಕಾದರೆ ಆ ಕಂಪನಿಯಲ್ಲಿ ಮೇಲಿನ ಎರಡು ಗುಣಗಳೂ ಇರಬೇಕು. ಎರಡನೆಯ ಗುಣವು ಇಲ್ಲವಾದಾಗ ಏನಾಗುತ್ತದೆ ಎಂಬುದಕ್ಕೆ ‘ಹೊರೈಜನ್’ ಪ್ರಕರಣಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

2. ಹೊರೈಜನ್ ವೃತ್ತಾಂತ

ಬ್ರಿಟನ್ನಿನ ಹಳ್ಳಿಗಳಲ್ಲಿಯೂ ಸಣ್ಣ ಪಟ್ಟಣಗಳಲ್ಲಿಯೂ ಅಂಚೆ ಕಚೇರಿಗಳನ್ನು ನಡೆಸುವವರು ಬಹುಪಾಲು ಉಪ ಅಂಚೆಪಾಲಕರು. ಇವರು ಸರ್ಕಾರದ ಸಂಬಳದ ನೌಕರರಲ್ಲ. ತಮ್ಮ ಉಳಿತಾಯದ ಹಣವನ್ನು ಹಾಕಿ, ಅನೇಕ ವೇಳೆ ಒಂದು ಸಣ್ಣ ಅಂಗಡಿಯ ಜೊತೆಯಲ್ಲಿ, ಅಂಚೆ ಸಂಸ್ಥೆಯೊಡನೆ ಕರಾರು ಮಾಡಿಕೊಂಡು ಕಚೇರಿಯನ್ನು ನಡೆಸುವವರು. ಪಿಂಚಣಿ ಹಂಚುವುದು, ಹಣ ಕಟ್ಟಿಸಿಕೊಳ್ಳುವುದು, ಅಂಚೆ ಚೀಟಿ ಮಾರುವುದು ಇವರ ನಿತ್ಯದ ಕೆಲಸ. ಊರಿನಲ್ಲಿ ಅವರಿಗೆ ಗೌರವವಿತ್ತು. ನಮ್ಮ ಹಳ್ಳಿಗಳಲ್ಲಿ ಶಾಖಾ ಅಂಚೆಪಾಲಕರಿಗೆ ಇರುವ ಸ್ಥಾನವನ್ನು ನೆನೆದರೆ ಅದು ಅರ್ಥವಾಗುತ್ತದೆ. ಭಾರತದಿಂದಲೂ ನೆರೆಯ ದೇಶಗಳಿಂದಲೂ ಹೋಗಿ ಅಲ್ಲಿ ನೆಲೆಸಿದ ಕುಟುಂಬಗಳ ಅನೇಕರು ಈ ವೃತ್ತಿಯನ್ನು ಹಿಡಿದಿದ್ದರು.

1999ರಿಂದ ಮೊದಲ್ಗೊಂಡು ಈ ಕಚೇರಿಗಳಲ್ಲಿ ಕಾಗದದ ಲೆಕ್ಕ ಹೋಗಿ ‘ಹೊರೈಜನ್’ ಎಂಬ ಗಣಕ ವ್ಯವಸ್ಥೆ ಬಂದಿತು. ಅದನ್ನು ಕಟ್ಟಿದ್ದು ಐಸಿಎಲ್ ಎಂಬ ಬ್ರಿಟಿಷ್ ಕಂಪನಿಯ ಅಂಗಸಂಸ್ಥೆ. ಐಸಿಎಲ್ ಅಷ್ಟು ಹೊತ್ತಿಗಾಗಲೇ ಜಪಾನಿನ ಫುಜಿತ್ಸು ಕಂಪನಿಯ ಒಡೆತನದಲ್ಲಿತ್ತು. 2002ರಲ್ಲಿ ಫುಜಿತ್ಸು ಹೆಸರನ್ನೇ ತಳೆಯಿತು. ಪಿಂಚಣಿ, ಭತ್ಯೆಗಳ ಹಂಚಿಕೆಗೂ ಇದೇ ವ್ಯವಸ್ಥೆ ಬಳಕೆಯಾಗಬೇಕೆಂಬುದು ಮೂಲ ಯೋಜನೆಯಾಗಿತ್ತಾದರೂ, ತೊಡಕುಗಳನ್ನು ಕಂಡು ಸಂಬಂಧಿಸಿದ ಸರ್ಕಾರಿ ಇಲಾಖೆಯು 1999ರಲ್ಲಿ ಹಿಂದೆ ಸರಿಯಿತು. ಅಂಚೆ ಸಂಸ್ಥೆ ಮಾತ್ರ ಉಳಿದುಕೊಂಡಿತು.

ಯಂತ್ರ ಬಂದ ಕೆಲವೇ ದಿನಗಳಲ್ಲಿ ಕೆಲವು ಕಚೇರಿಗಳಲ್ಲಿ ವಿಚಿತ್ರವಾದ ಕೊರತೆಗಳು ಕಾಣತೊಡಗಿದವು. ಪೆಟ್ಟಿಗೆಯಲ್ಲಿರುವ ನಗದಿಗೂ ತೆರೆಯ ಮೇಲಿನ ಅಂಕಿಗೂ ತಾಳೆ ಬೀಳುತ್ತಿರಲಿಲ್ಲ. ಹ್ಯಾಂಪ್‌ಷೈರಿನ ಒಂದು ಹಳ್ಳಿಯಲ್ಲಿ ಅಂಚೆ ಕಚೇರಿ ನಡೆಸುತ್ತಿದ್ದ ಜೋ ಹ್ಯಾಮಿಲ್ಟನ್ ಎಂಬ ಮಹಿಳೆಯು ಸುಮಾರು 2,000 ಪೌಂಡುಗಳ ಕೊರತೆಯನ್ನು ಕಂಡು ಸಹಾಯವಾಣಿಗೆ ಕರೆ ಮಾಡಿದರು. ಅವರು ಹೇಳಿಕೊಟ್ಟಂತೆ ಮಾಡುತ್ತಿರುವಾಗ ಆಕೆಯ ಕಣ್ಣೆದುರಿಗೇ ಕೊರತೆ ಇಮ್ಮಡಿಯಾಯಿತು. ಬ್ರಿಡ್ಲಿಂಗ್ಟನ್ ಪಟ್ಟಣದ ಲೀ ಕ್ಯಾಸಲ್ಟನ್ ಎಂಬವರು ಸಹಾಯ ಕೋರಿ 91 ಬಾರಿ ಕರೆ ಮಾಡಿದರು. ಹೀಗೆ ಕರೆ ಮಾಡಿದವರಲ್ಲಿ ಅನೇಕರಿಗೆ ದೊರೆತ ಉತ್ತರ ಒಂದೇ: ‘ಇಂಥ ತೊಂದರೆ ಬೇರೆ ಯಾರಿಗೂ ಇಲ್ಲ, ನಿಮಗೊಬ್ಬರಿಗೇ.’

ಇಲ್ಲಿ ಲೆಕ್ಕದ ಕ್ರಮವನ್ನು ಸ್ವಲ್ಪ ತಿಳಿಯುವುದು ಅವಶ್ಯಕ. ನಿಗದಿಯಾದ ಅವಧಿಯ ಕೊನೆಯಲ್ಲಿ ಅಂಚೆಪಾಲಕನು ಶಿಲ್ಕನ್ನು ಒಪ್ಪಿ ಲೆಕ್ಕವನ್ನು ಮುಗಿಸಬೇಕಾಗಿತ್ತು. ಹಾಗೆ ಮುಗಿಸದಿದ್ದರೆ ಮುಂದಿನ ಅವಧಿಯ ವ್ಯವಹಾರ ಸಾಗುತ್ತಿರಲಿಲ್ಲ, ಕಚೇರಿ ತೆರೆಯುವಂತಿರಲಿಲ್ಲ. ಕೊರತೆಯನ್ನು ಕೈಯಿಂದ ತುಂಬಬೇಕಾಗಿತ್ತು. ಇಲ್ಲವೆ ಅದು ತನ್ನ ಸಾಲವೆಂದು ಒಪ್ಪಬೇಕಾಗಿತ್ತು. ತುಂಬಲು ಹಣವಿಲ್ಲದೆ, ಬಾಗಿಲು ಮುಚ್ಚಲು ಧೈರ್ಯವಿಲ್ಲದೆ ಅನೇಕರು ಹಣವಿದೆಯೆಂದು ಬರೆದು ಸಹಿ ಹಾಕಿದರು. ಆ ಸಹಿಯೇ ಮುಂದೆ ಸುಳ್ಳು ಲೆಕ್ಕ ಬರೆದ ಅಪರಾಧವಾಗಿ ಅವರ ಕೊರಳಿಗೆ ಸುತ್ತಿಕೊಂಡಿತು. ಜೋ ಹ್ಯಾಮಿಲ್ಟನ್ನರ ಮೇಲೆ ಬಂದ ಆರೋಪ ಸುಮಾರು 36,000 ಪೌಂಡುಗಳದು. ಸೆರೆಮನೆಯನ್ನು ತಪ್ಪಿಸಿಕೊಳ್ಳಲು ಅವರು ಸುಳ್ಳು ಲೆಕ್ಕದ ತಪ್ಪನ್ನು ಒಪ್ಪಿಕೊಂಡರು. ಅವರನ್ನು ಬಲ್ಲ ಊರಿನವರು ಹಣ ಕೂಡಿಸಿ ಕೊಟ್ಟು ಬೆಂಬಲಕ್ಕೆ ನಿಂತರು. ಯಂತ್ರದ ಮಾತಿಗಿಂತ ನೆರೆಯವರ ಅನುಭವವು ಸತ್ಯಕ್ಕೆ ಹತ್ತಿರವಾಗಿದ್ದಿತೆಂಬುದು ಗಮನಿಸತಕ್ಕ ಅಂಶ.

ಕ್ಯಾಸಲ್ಟನ್ನರು ತಮ್ಮದಲ್ಲದ ಸುಮಾರು 25,000 ಪೌಂಡುಗಳನ್ನು ಕೊಡಲು ಒಪ್ಪದೆ ನ್ಯಾಯಾಲಯದಲ್ಲಿ ವಕೀಲರಿಲ್ಲದೆ ವಾದಿಸಿದರು. 2007ರಲ್ಲಿ ಸೋತರು, ಎದುರು ಪಕ್ಷದ ಖರ್ಚೆಂದು 3,21,000 ಪೌಂಡುಗಳು ಅವರ ತಲೆಯ ಮೇಲೆ ಬಿದ್ದು ದಿವಾಳಿಯಾದರು. ಸರ್ರೆ ಪ್ರಾಂತದ ವೆಸ್ಟ್ ಬೈಫ್ಲೀಟಿನಲ್ಲಿ ಕಚೇರಿ ನಡೆಸುತ್ತಿದ್ದ ಭಾರತೀಯ ಮೂಲದ ಸೀಮಾ ಮಿಶ್ರಾ ಅವರು ಸುಮಾರು 74,000 ಪೌಂಡುಗಳನ್ನು ಕದ್ದರೆಂದು 2010ರಲ್ಲಿ ತೀರ್ಪಾಗಿ, ಹದಿನೈದು ತಿಂಗಳ ಶಿಕ್ಷೆಯಾಯಿತು. ಆಗ ಅವರು ಗರ್ಭಿಣಿ; ಶಿಕ್ಷೆಯಾದ ದಿನ ಅವರ ಹಿರಿಯ ಮಗನ ಹತ್ತನೆಯ ಹುಟ್ಟುಹಬ್ಬ.

ಹೀಗೆ 1999ರಿಂದ 2015ರ ವರೆಗೆ 900ಕ್ಕೂ ಹೆಚ್ಚು ಮಂದಿ ಶಿಕ್ಷೆಗೆ ಗುರಿಯಾದರು. ಅವುಗಳಲ್ಲಿ ಸುಮಾರು 700 ಮೊಕದ್ದಮೆಗಳನ್ನು ಹೂಡಿದ್ದು ಸ್ವತಃ ಅಂಚೆ ಸಂಸ್ಥೆಯೇ. ಹಣ ಕಳೆದುಕೊಂಡೆನೆಂದು ಹೇಳುವವನೇ ತನಿಖೆ ಮಾಡುವವನೂ ಆಪಾದಿಸುವವನೂ ಆಗಿದ್ದನು.

3. ಮರೆಯಲ್ಲಿದ್ದ ಅರಿವು

ಈ ಕಾಲದಲ್ಲೆಲ್ಲ ಫುಜಿತ್ಸು ಕಂಪನಿಯವರಿಗೆ ಯಂತ್ರದ ದೋಷ ತಿಳಿದಿರಲಿಲ್ಲವೆ? ತಿಳಿದಿತ್ತು. ಕಂಡುಬಂದ ದೋಷಗಳನ್ನು ಬರೆದಿಡುವ ದಫ್ತರವೊಂದು ಅವರ ಬಳಿಯಿತ್ತು. ಅದರಲ್ಲಿ ಸಾವಿರಾರು ನಮೂದುಗಳಿದ್ದವು. ಆದರೆ ಯಾರ ಮನೆ ಮುಳುಗುತ್ತಿತ್ತೋ ಅವರ ಕೈಗೆ ಅದು ಸಿಗಲಿಲ್ಲ.

2010ರಲ್ಲಿ ಸುಮಾರು 60 ಕಚೇರಿಗಳ ಲೆಕ್ಕದಲ್ಲಿ ಜಮಾ ಒಂದು, ಖರ್ಚು ಒಂದು ಎನ್ನುವಂತೆ ವ್ಯತ್ಯಾಸ ಬರುವ ದೋಷವೊಂದು ಪತ್ತೆಯಾಯಿತು. ಅಂಚೆ ಸಂಸ್ಥೆಯವರೂ ಫುಜಿತ್ಸುವಿನವರೂ ಕುಳಿತು ಚರ್ಚಿಸಿ ಬರೆದ ಟಿಪ್ಪಣಿ ಇಂದು ಬೆಳಕಿಗೆ ಬಂದಿದೆ. ಈ ಸಂಗತಿ ಹರಡಿದರೆ ಹೊರೈಜನ್ನಿನ ಮೇಲಣ ವಿಶ್ವಾಸ ಕುಂದೀತು, ನಡೆಯುತ್ತಿರುವ ಮೊಕದ್ದಮೆಗಳಿಗೆ ತೊಡಕಾದೀತು ಎಂಬ ಆತಂಕ ಅದರಲ್ಲಿದೆ. ಸರಿಪಡಿಸುವ ಮಾರ್ಗಗಳಲ್ಲಿ, ಕಚೇರಿಯ ಅಂಕಿಯನ್ನು ಅಲ್ಲಿಯವರಿಗೆ ತಿಳಿಯದಂತೆಯೇ ಬದಲಿಸುವುದೂ ಒಂದಾಗಿ ಎಣಿಕೆಗೆ ಬಂದಿದೆ. ಸೀಮಾ ಮಿಶ್ರಾ ಅವರ ವಿಚಾರಣೆ ನಡೆದದ್ದು ಅದೇ ವರ್ಷ. ಅವರ ವಕೀಲರಿಗೆ ಈ ಟಿಪ್ಪಣಿ ದೊರೆಯಲಿಲ್ಲ.

ದೂರದಿಂದ ಕಚೇರಿಯ ಲೆಕ್ಕದೊಳಗೆ ಕೈ ಹಾಕಬಹುದೆ ಎಂಬುದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯಾಗಿತ್ತು. ಹಾಗೆ ಸಾಧ್ಯವಿಲ್ಲ, ಅಂಚೆಪಾಲಕನಲ್ಲದೆ ಬೇರೊಬ್ಬರು ಅಂಕಿಯನ್ನು ಮುಟ್ಟಲಾರರು ಎಂದು ಅಂಚೆ ಸಂಸ್ಥೆ ವರ್ಷಗಟ್ಟಲೆ ಸಾಧಿಸಿತು. ಸಾಧ್ಯವಿದ್ದುದಷ್ಟೇ ಅಲ್ಲ, ಫುಜಿತ್ಸುವಿನ ಸಿಬ್ಬಂದಿ ಹಾಗೆ ಮಾಡುತ್ತಿದ್ದರೆಂದು ಅಲ್ಲಿ ಹಿಂದೆ ಕೆಲಸ ಮಾಡಿದ್ದ ರಿಚರ್ಡ್ ರೋಲ್ ಎಂಬವರು 2015ರಲ್ಲಿ ಬಿಬಿಸಿಯ ಮುಂದೆಯೂ ಅನಂತರ ನ್ಯಾಯಾಲಯದಲ್ಲಿಯೂ ನುಡಿದರು. ಬಾಗಿಲಿಗೆ ಎರಡನೆಯ ಕೀಲಿಯಿದ್ದ ಮೇಲೆ ಒಳಗಿನ ವಸ್ತು ಕಾಣೆಯಾದಾಗ ಒಬ್ಬನನ್ನೇ ಹಿಡಿಯುವುದು ಯಾವ ನ್ಯಾಯ?

ಫುಜಿತ್ಸುವಿನ ಎಂಜಿನಿಯರೊಬ್ಬರು ಅನೇಕ ಮೊಕದ್ದಮೆಗಳಲ್ಲಿ ತಜ್ಞರಾಗಿ ಸಾಕ್ಷ್ಯ ನೀಡಿದ್ದರು. ತಮಗೆ ತಿಳಿದಿದ್ದ ದೋಷಗಳನ್ನು ಅವರು ನ್ಯಾಯಾಲಯಕ್ಕೆ ತಿಳಿಸಿರಲಿಲ್ಲವೆಂದು 2013ರಲ್ಲಿ ಅಂಚೆ ಸಂಸ್ಥೆಯ ಪರವಾದ ವಕೀಲರೇ ಲಿಖಿತವಾಗಿ ಎಚ್ಚರಿಸಿದರು. ಆ ಎಚ್ಚರಿಕೆಯೂ ಶಿಕ್ಷೆ ಅನುಭವಿಸಿದವರ ಕಿವಿಗೆ ಬೀಳಲು ಏಳು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು.

4. ಸತ್ಯವು ಹೊರಬಂದ ಬಗೆ

ವೇಲ್ಸ್ ನಾಡಿನ ಲ್ಯಾಂಡಡ್ನೋ ಬಳಿ ಕಚೇರಿ ನಡೆಸುತ್ತಿದ್ದ ಆಲನ್ ಬೇಟ್ಸ್ ಎಂಬವರು ಕೊರತೆಯನ್ನು ಒಪ್ಪಿಕೊಳ್ಳದ ಕಾರಣ 2003ರಲ್ಲಿ ಅವರ ಕರಾರು ರದ್ದಾಯಿತು. ಅವರು ಸುಮ್ಮನಾಗಲಿಲ್ಲ. ‘ಕಂಪ್ಯೂಟರ್ ವೀಕ್ಲಿ’ ಪತ್ರಿಕೆಯು 2009ರ ಮೇ ತಿಂಗಳಿನಲ್ಲಿ ಏಳು ಅಂಚೆಪಾಲಕರ ಕಥೆಯನ್ನು ಪ್ರಕಟಿಸಿತು. ಅದೇ ವರ್ಷ ಬೇಟ್ಸ್ ಮತ್ತಿತರರು ಸೇರಿ ಒಂದು ಸಂಘವನ್ನು ಕಟ್ಟಿದರು. ‘ನಿಮಗೊಬ್ಬರಿಗೇ’ ಎಂಬ ಮಾತು ಸುಳ್ಳೆಂದು ತಿಳಿದುದು ಅವರು ಪರಸ್ಪರ ಮುಖ ಕಂಡ ದಿನವೇ.

555 ಮಂದಿ ಸೇರಿ ಹೂಡಿದ ದಾವೆಯಲ್ಲಿ ನ್ಯಾಯಮೂರ್ತಿ ಫ್ರೇಸರ್ ಅವರು 2019ರ ಡಿಸೆಂಬರ್ 16ರಂದು ತೀರ್ಪಿತ್ತು, ಹೊರೈಜನ್ನಿನಲ್ಲಿ ದೋಷಗಳಿದ್ದವು, ಅವು ಕಚೇರಿಗಳ ಲೆಕ್ಕದಲ್ಲಿ ಕೊರತೆಯನ್ನು ಉಂಟುಮಾಡಬಲ್ಲವಾಗಿದ್ದವು ಎಂದು ಸ್ಪಷ್ಟಪಡಿಸಿದರು. ಇದಕ್ಕೆ ಕೆಲವು ದಿನ ಮೊದಲು 5 ಕೋಟಿ 77 ಲಕ್ಷ 50 ಸಾವಿರ ಪೌಂಡುಗಳಿಗೆ ರಾಜಿಯಾಗಿತ್ತಾದರೂ, ಅದರ ಬಹುಭಾಗ ದಾವೆಯ ಖರ್ಚಿಗೇ ಹೋಯಿತು. 2021ರ ಏಪ್ರಿಲ್ 23ರಂದು ಮೇಲ್ಮನವಿ ನ್ಯಾಯಾಲಯವು 39 ಮಂದಿಯ ಶಿಕ್ಷೆಯನ್ನು ಒಮ್ಮೆಗೇ ರದ್ದುಗೊಳಿಸಿತು. ಸೀಮಾ ಮಿಶ್ರಾ, ಜೋ ಹ್ಯಾಮಿಲ್ಟನ್ ಅವರೂ ಅದರಲ್ಲಿ ಸೇರಿದ್ದರು. 2024ರ ಜನವರಿಯಲ್ಲಿ ದೂರದರ್ಶನದ ನಾಟಕವೊಂದು ಈ ಕಥೆಯನ್ನು ಮನೆಮನೆಗೂ ಮುಟ್ಟಿಸಿತು. ಅದೇ ತಿಂಗಳು ಫುಜಿತ್ಸುವಿನ ಯೂರೋಪು ವಿಭಾಗದ ಮುಖ್ಯಸ್ಥರು ಪಾರ್ಲಿಮೆಂಟಿನ ಸಮಿತಿಯ ಮುಂದೆ ಕ್ಷಮೆ ಕೋರಿ, ಪರಿಹಾರದಲ್ಲಿ ಪಾಲು ಕೊಡುವುದು ಕಂಪನಿಯ ನೈತಿಕ ಹೊಣೆಯೆಂದು ಒಪ್ಪಿದರು. ದೋಷಗಳು ಮೊದಲಿನಿಂದಲೂ ತಿಳಿದಿದ್ದವೆಂಬುದೂ ಅವರ ಹೇಳಿಕೆಗಳಿಂದ ಬಯಲಾಯಿತು. 2024ರ ಮೇ 24ರಂದು ಉಳಿದವರ ಶಿಕ್ಷೆಗಳನ್ನು ಒಟ್ಟಾಗಿ ರದ್ದುಪಡಿಸುವ ಶಾಸನಕ್ಕೆ ಅಂಕಿತ ದೊರೆಯಿತು.

ಸರ್ ವಿನ್ ವಿಲಿಯಮ್ಸ್ ಅವರ ವಿಚಾರಣಾ ಆಯೋಗವು 2025ರ ಜುಲೈನಲ್ಲಿ ತನ್ನ ವರದಿಯ ಮೊದಲ ಸಂಪುಟವನ್ನು ಹೊರತಂದಿತು. ಈ ಪ್ರಕರಣದ ಸಂಕಟದಿಂದ ಕನಿಷ್ಠ 13 ಮಂದಿ ಪ್ರಾಣ ಕಳೆದುಕೊಂಡಿರಬಹುದೆಂದು ಅದು ದಾಖಲಿಸಿದೆ. ರದ್ದಾದ ಶಿಕ್ಷೆಯ ಕಾಗದ ಅಂಥವರ ಮನೆಗೆ ತಲುಪಿದಾಗ ಅದನ್ನು ಓದಬೇಕಾದವರೇ ಇರಲಿಲ್ಲ.

5. ಲಕ್ಷಣ ನಿರೂಪಣೆ

ಈ ವೃತ್ತಾಂತದಿಂದ ಕೆಟ್ಟ ಕಂಪನಿಯ ಲಕ್ಷಣವನ್ನು ಹೇಗೆ ನಿರೂಪಿಸಬೇಕು? ಲಕ್ಷಣವು ಅತಿವ್ಯಾಪ್ತಿ, ಅವ್ಯಾಪ್ತಿ ದೋಷಗಳಿಂದ ದೂರವಾಗಿರಬೇಕೆಂಬುದು ಶಾಸ್ತ್ರನಿಯಮ.

‘ಯಾವ ಕಂಪನಿಯ ಯಂತ್ರ ತಪ್ಪು ಮಾಡುವುದೋ ಅದು ಕೆಟ್ಟದ್ದು’ ಎಂದರೆ ಅತಿವ್ಯಾಪ್ತಿ. ಮನುಷ್ಯನು ಬರೆದ ಯಾವ ತಂತ್ರಾಂಶವೂ ನಿರ್ದುಷ್ಟವಲ್ಲ. ಈ ಲಕ್ಷಣವನ್ನು ಒಪ್ಪಿದರೆ ಜಗತ್ತಿನಲ್ಲಿ ಒಳ್ಳೆಯ ಕಂಪನಿಯೇ ಉಳಿಯದು. ‘ಮೋಸ ಮಾಡಿ ಹಣ ದೋಚಬೇಕೆಂದು ಹೊರಟದ್ದು ಕೆಟ್ಟದ್ದು’ ಎಂದರೆ ಅವ್ಯಾಪ್ತಿ. ಅಂಚೆಪಾಲಕರನ್ನು ಸೆರೆಮನೆಗೆ ಕಳುಹಿಸಬೇಕೆಂದು ಯಾರೂ ಹೊರೈಜನ್ನನ್ನು ಕಟ್ಟಲಿಲ್ಲ. ಅಲ್ಲಿ ದುಡಿದ ಅನೇಕರು ಸಾಮಾನ್ಯರಾದ ಗೃಹಸ್ಥರೇ. ಕೇಡನ್ನು ಬಯಸದೆಯೂ ಕೇಡು ನಡೆಯಿತು. ‘ಲಾಭ ಮಾಡುವುದು ಕೆಟ್ಟದ್ದು’ ಎಂಬ ಮಾತಂತೂ ಎರಡು ದೋಷಗಳಿಗೂ ಈಡಾಗುತ್ತದೆ: ಲಾಭದಲ್ಲಿದ್ದೂ ಪ್ರಾಮಾಣಿಕವಾಗಿರುವವರುಂಟು, ನಷ್ಟದಲ್ಲಿದ್ದೂ ಮರೆಮಾಚುವವರುಂಟು.

ಆದುದರಿಂದ ಲಕ್ಷಣವನ್ನು ಹೀಗೆ ಹೇಳಬಹುದು: ತನ್ನ ಯಂತ್ರದ ದೋಷವನ್ನು ತಾನು ಬಲ್ಲುದಾಗಿದ್ದು, ಆ ದೋಷದ ಭಾರವನ್ನು ಹೊರುವವನಿಗೆ ಅದನ್ನು ತಿಳಿಯಗೊಡದ ಕಂಪನಿಯು ಅನಾಪ್ತವಾದುದು, ನಂಬಲು ತಕ್ಕುದಲ್ಲದ್ದು. ದೋಷವು ಒಂದೆಡೆ, ಅರಿವು ಮತ್ತೊಂದೆಡೆ, ಶಿಕ್ಷೆ ಮಗದೊಂದೆಡೆ ಹಂಚಿಹೋದಾಗ ಈ ಕೇಡು ಹುಟ್ಟುತ್ತದೆ. ಅದರ ಬಾಹ್ಯ ಗುರುತುಗಳೂ ಇದೇ ವೃತ್ತಾಂತದಲ್ಲಿ ದೊರೆಯುತ್ತವೆ: ದೋಷಗಳ ದಫ್ತರವನ್ನು ಮುಚ್ಚಿಡುವುದು, ಕೀಲಿಯನ್ನು ಕೈಯಲ್ಲಿಟ್ಟುಕೊಂಡು ಇಲ್ಲವೆನ್ನುವುದನ್ನು ಕೇಳಿಯೂ ಸುಮ್ಮನಿರುವುದು, ನೊಂದವರು ಒಬ್ಬರನ್ನೊಬ್ಬರು ಅರಿಯದಂತೆ ಪ್ರತಿಯೊಬ್ಬರನ್ನೂ ಒಂಟಿಯಾಗಿಸುವುದು, ಹೆಸರು ಕೆಟ್ಟೀತೆಂಬ ಭಯವನ್ನು ನಿರಪರಾಧಿ ಕೆಟ್ಟಾನೆಂಬ ಭಯಕ್ಕಿಂತ ದೊಡ್ಡದೆಂದು ಎಣಿಸುವುದು.

6. ಶಂಕಾ ಸಮಾಧಾನ

ಇಲ್ಲಿ ಮೊದಲನೆಯ ಶಂಕೆ: ಮೊಕದ್ದಮೆ ಹೂಡಿದ್ದು ಅಂಚೆ ಸಂಸ್ಥೆ, ಯಂತ್ರ ಕಟ್ಟಿದ ಕಂಪನಿಯನ್ನು ದೂರುವುದು ಸರಿಯೆ? ಅಂಚೆ ಸಂಸ್ಥೆಯ ಹೊಣೆ ದೊಡ್ಡದೆಂಬುದರಲ್ಲಿ ಸಂಶಯವಿಲ್ಲ. ಆದರೆ ತನ್ನ ಯಂತ್ರದ ಅಂಕಿಯನ್ನು ಹಿಡಿದು ಮನುಷ್ಯರನ್ನು ಸೆರೆಮನೆಗೆ ಕಳುಹಿಸುತ್ತಿದ್ದಾರೆಂಬುದು ಕಂಪನಿಗೆ ತಿಳಿದೇ ಇತ್ತು. ಅದರ ಸಿಬ್ಬಂದಿ ಸಾಕ್ಷಿಕಟ್ಟೆಯಲ್ಲಿಯೇ ನಿಂತಿದ್ದರು. ತಪ್ಪು ಹರಳಿನ ತಕ್ಕಡಿಯನ್ನು ಮಾಡಿದವನು, ಆ ತಕ್ಕಡಿಯ ತೂಕ ಸರಿಯೆಂದು ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದ ಮೇಲೆ, ‘ತೂಗಿದವನು ಬೇರೆಯವನು’ ಎಂದು ಕೈ ತೊಳೆದುಕೊಳ್ಳಲಾರನು.

ಎರಡನೆಯ ಶಂಕೆ: ಆ ಯಂತ್ರ ದಿನಕ್ಕೆ ಲಕ್ಷಾಂತರ ವ್ಯವಹಾರಗಳನ್ನು ಸರಿಯಾಗಿಯೇ ಮಾಡುತ್ತಿತ್ತಲ್ಲವೆ? ಹೌದು. ಆದರೆ ಬಹುತೇಕ ಸರಿಯಾಗಿರುವ ಯಂತ್ರವೇ ಹೆಚ್ಚು ಅಪಾಯಕರ. ಎಲ್ಲರಿಗೂ ತಪ್ಪುವ ತಕ್ಕಡಿಯನ್ನು ಎಲ್ಲರೂ ಸೇರಿ ಎಸೆಯುತ್ತಾರೆ. ಸಾವಿರಕ್ಕೊಬ್ಬನಿಗೆ ತಪ್ಪುವ ತಕ್ಕಡಿ ಬಂದರೆ ಉಳಿದ ಒಂಬೈನೂರ ತೊಂಬತ್ತೊಂಬತ್ತು ಮಂದಿ ಆ ಒಬ್ಬನನ್ನೇ ಕಳ್ಳನೆನ್ನುತ್ತಾರೆ. ಸರಾಸರಿಯ ಸತ್ಯವು ವ್ಯಕ್ತಿಯ ವಿಷಯದಲ್ಲಿ ಸಾಕ್ಷ್ಯವಾಗಲಾರದು.

ಮೂರನೆಯ ಶಂಕೆ: ದೋಷಗಳನ್ನು ಬಯಲಿಗಿಟ್ಟರೆ ಕಂಪನಿಯ ವ್ಯಾಪಾರ ಉಳಿದೀತೆ? ಇದಕ್ಕೆ ಅನುಭವವೇ ಉತ್ತರ. 1994ರಲ್ಲಿ ಅಮೆರಿಕದ ಗಣಿತ ಪ್ರಾಧ್ಯಾಪಕ ತಾಮಸ್ ನೈಸ್ಲಿ ಅವರು ಇಂಟೆಲ್ ಕಂಪನಿಯ ಪೆಂಟಿಯಂ ಎಂಬ ಗಣಕಬಿಲ್ಲೆಯು ಕೆಲವು ಭಾಗಾಕಾರಗಳಲ್ಲಿ ತಪ್ಪು ಉತ್ತರ ಕೊಡುವುದನ್ನು ಕಂಡುಹಿಡಿದರು. ಕಂಪನಿಗೆ ಆ ದೋಷ ಅದಕ್ಕೆ ಮೊದಲೇ ತಿಳಿದಿತ್ತು. ಇದು ಬಹು ಅಪರೂಪದ ತಪ್ಪೆಂದೂ, ಅಗತ್ಯವನ್ನು ತೋರಿಸಿಕೊಟ್ಟವರಿಗೆ ಮಾತ್ರ ಬದಲಿಸಿಕೊಡುವೆನೆಂದೂ ಅದು ಮೊದಲು ಹೇಳಿತು. ಜನ ಕೆರಳಿದರು. ಅದೇ ಡಿಸೆಂಬರಿನಲ್ಲಿ ಇಂಟೆಲ್ ಮಾತು ಬದಲಿಸಿ, ಕೇಳಿದ ಎಲ್ಲರಿಗೂ ಹೊಸ ಬಿಲ್ಲೆಯನ್ನು ಕೊಡಲು ಒಪ್ಪಿತು. ಅದಕ್ಕಾಗಿ 47 ಕೋಟಿ 50 ಲಕ್ಷ ಡಾಲರುಗಳನ್ನು ಲೆಕ್ಕದಲ್ಲಿ ತೆಗೆದಿಟ್ಟಿತು. ಅಲ್ಲಿಂದೀಚೆಗೆ ತನ್ನ ಬಿಲ್ಲೆಗಳ ತಿಳಿದ ದೋಷಗಳ ಪಟ್ಟಿಯನ್ನು ಪ್ರಕಟಿಸುತ್ತ ಬಂದಿದೆ. ವ್ಯಾಪಾರ ಮುಳುಗಲಿಲ್ಲ. ಒಪ್ಪಿಕೊಳ್ಳಲು ತಗುಲಿದ ಬೆಲೆ ಹಣ; ಹೊರೈಜನ್ನಿನಲ್ಲಿ ಒಪ್ಪಿಕೊಳ್ಳದಿದ್ದುದಕ್ಕೆ ತಗುಲಿದ ಬೆಲೆ ಮನುಷ್ಯರು.

ವಿದ್ವತ್ತಿನ ಲೋಕದಲ್ಲಿ ಇನ್ನೂ ಮೇಲಾದ ಮಾದರಿಯುಂಟು. ಪುಸ್ತಕಗಳ ಅಚ್ಚುಜೋಡಣೆಗಾಗಿ ‘ಟೆಕ್’ ಎಂಬ ತಂತ್ರಾಂಶವನ್ನು ರಚಿಸಿದ ಡೊನಾಲ್ಡ್ ಕನೂತ್ ಅವರು ಅದರಲ್ಲಿ ತಪ್ಪು ತೋರಿಸಿದವರಿಗೆ ಬಹುಮಾನದ ಚೆಕ್ಕನ್ನು ಕಳುಹಿಸುವ ಪದ್ಧತಿಯಿಟ್ಟರು. ತಾವು ಮಾಡಿದ ತಪ್ಪುಗಳ ಪಟ್ಟಿಯನ್ನೂ ಪ್ರಕಟಿಸಿದರು. ಹಳೆಯ ಗ್ರಂಥಗಳ ಕೊನೆಯಲ್ಲಿ ಒಪ್ಪೋಲೆಯನ್ನು ಅಂಟಿಸುತ್ತಿದ್ದ ಸಂಪಾದಕರ ಮನೋಧರ್ಮವೇ ಇದು. ಒಪ್ಪೋಲೆಯಿರುವ ಪುಸ್ತಕವನ್ನು ಓದುಗನು ಕಡಿಮೆ ನಂಬುವುದಿಲ್ಲ, ಹೆಚ್ಚು ನಂಬುತ್ತಾನೆ.

7. ಕಾನೂನಿನ ಮಾತು

ಹೊರೈಜನ್ ಪ್ರಕರಣಕ್ಕೆ ಇಂಗ್ಲೆಂಡಿನ ಕಾನೂನಿನ ಒಂದು ಬದಲಾವಣೆಯೂ ನೆರವಾಯಿತು. 1984ರ ಶಾಸನವೊಂದರ ಪ್ರಕಾರ ಗಣಕಯಂತ್ರದ ದಾಖಲೆಯನ್ನು ಸಾಕ್ಷ್ಯವಾಗಿ ತರುವವನು ಯಂತ್ರ ಸರಿಯಾಗಿ ನಡೆಯುತ್ತಿತ್ತೆಂದು ತೋರಿಸಬೇಕಾಗಿತ್ತು. 1999ರ ಶಾಸನದಿಂದ ಆ ಕಟ್ಟು ತೆಗೆದುಹೋಯಿತು. ಯಂತ್ರ ಸರಿಯಾಗಿದೆಯೆಂಬುದೇ ಪೂರ್ವಗ್ರಹಿಕೆಯಾಯಿತು. ಸರಿಯಿಲ್ಲವೆಂದು ತೋರಿಸುವ ಭಾರ ಆಪಾದಿತನ ಮೇಲೆ ಬಿದ್ದಿತು. ತೋರಿಸಲು ಬೇಕಾದ ದಾಖಲೆಗಳೆಲ್ಲ ಇದ್ದದ್ದು ಎದುರಾಳಿಯ ಕೈಯಲ್ಲಿ.

ಭಾರತದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು, ವಿದ್ಯುನ್ಮಾನ ದಾಖಲೆಯನ್ನು ಒಪ್ಪಿಸುವಾಗ ಪ್ರಮಾಣಪತ್ರವಿರಬೇಕೆಂದು ವಿಧಿಸುತ್ತದೆ. ಹಿಂದಿನ ಕಾನೂನಿನ 65-ಬಿ ಕಲಮಿನಲ್ಲಿಯೂ ಇಂಥ ವಿಧಿಯಿತ್ತು. ಇದು ಸ್ವಾಗತಾರ್ಹ. ಆದರೂ ಪ್ರಮಾಣಪತ್ರಕ್ಕೆ ಸಹಿ ಹಾಕುವವನು ಆಪ್ತನಲ್ಲದಿದ್ದರೆ ಕಾಗದವು ಕಾಗದವಾಗಿಯೇ ಉಳಿದೀತು. ಕಾನೂನು ಸಹಿಯನ್ನು ಕೇಳಬಲ್ಲುದು; ಸತ್ಯವನ್ನು ಹೇಳುವ ಇಚ್ಛೆಯನ್ನು ಹುಟ್ಟಿಸಲಾರದು.

8. ವಿದ್ಯಾಸಂಸ್ಥೆಗಳಿಗೆ ಇದರಿಂದ ಪಾಠ

ಆ ಇಚ್ಛೆಯನ್ನು ಹುಟ್ಟಿಸಬೇಕಾದ ಸ್ಥಳ ಶಾಲೆ. ಕನ್ನಡನಾಡಿನ ಶಾಲೆಗಳಲ್ಲಿ ಓದಿದ ಸಾವಿರಾರು ಮಕ್ಕಳು ಇಂದು ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ತಂತ್ರಾಂಶ ಬರೆಯುವ ಕಾಯಕದಲ್ಲಿದ್ದಾರೆ. ಅವರು ಬರೆಯುವ ಒಂದೊಂದು ಸಾಲಿನ ಆಚೆ ಬದಿಯಲ್ಲಿ ಅವರು ಎಂದೂ ಕಾಣದ ಒಬ್ಬ ಅಂಚೆಪಾಲಕ, ಒಬ್ಬ ರೈತ, ಒಬ್ಬ ಪಿಂಚಣಿದಾರಳು ಕುಳಿತಿರುತ್ತಾರೆ. ತಪ್ಪು ಕಂಡಾಗ ‘ಇದು ಯಾರ ತಲೆಗೆ ಬರುವುದು, ಅವರಿಗೆ ತಿಳಿಸಿದ್ದೇವೆಯೆ’ ಎಂದು ಮೇಲಿನವರನ್ನು ಕೇಳುವ ಎದೆಗಾರಿಕೆ ಒಬ್ಬನಲ್ಲಿದ್ದರೆ ಒಂದು ಮನೆ ಉಳಿದೀತು.

ಉಪಾಧ್ಯಾಯರು ಗಣಿತದಲ್ಲಿ ಉತ್ತರದ ಜೊತೆಗೆ ತಾಳೆ ನೋಡುವುದನ್ನು ಕಲಿಸುವಂತೆ, ಯಂತ್ರ ಕೊಟ್ಟ ಅಂಕಿಯನ್ನು ಪ್ರಶ್ನಿಸುವುದನ್ನೂ ಕಲಿಸಬೇಕಾಗಿದೆ. ತಪ್ಪನ್ನು ತಾನೇ ಬಂದು ಹೇಳಿದ ವಿದ್ಯಾರ್ಥಿಗೆ ಶಿಕ್ಷೆಯನ್ನೂ, ಮರೆಮಾಚಿದವನಿಗೆ ಪೂರ್ಣಾಂಕವನ್ನೂ ಕೊಡುವ ತರಗತಿಯಿಂದ ಮುಂದೆ ಎಂಥ ಎಂಜಿನಿಯರುಗಳು ಹೊರಬರುವರೆಂಬುದನ್ನು ಊಹಿಸುವುದು ಕಷ್ಟವಲ್ಲ.

ಶಾಲೆಗೆ, ಸಹಕಾರ ಸಂಘಕ್ಕೆ, ಆಸ್ಪತ್ರೆಗೆ ಗಣಕ ವ್ಯವಸ್ಥೆಯನ್ನು ಕೊಳ್ಳುವ ಆಡಳಿತದವರೂ ಅದಕ್ಕೆ ಹಣ ನೀಡುವ ದಾನಿಗಳೂ ಬೆಲೆಯನ್ನು ವಿಚಾರಿಸುವಂತೆಯೇ ನಾಲ್ಕು ಮಾತುಗಳನ್ನು ವಿಚಾರಿಸುವುದು ಉಚಿತ. ಕಂಡ ದೋಷಗಳನ್ನು ಎಲ್ಲಿ ಬರೆದಿಡುತ್ತೀರಿ, ಅದನ್ನು ನಮಗೆ ತೋರಿಸುವಿರಾ? ನಮ್ಮ ಲೆಕ್ಕದೊಳಗೆ ನಮ್ಮನ್ನು ಬಿಟ್ಟು ಬೇರೆ ಯಾರು ಕೈ ಹಾಕಬಲ್ಲರು, ಹಾಕಿದ್ದರ ಗುರುತು ಉಳಿಯುವುದೆ? ಯಂತ್ರಕ್ಕೂ ಗುಮಾಸ್ತನಿಗೂ ವಿವಾದ ಬಂದರೆ ಮೂರನೆಯವರೊಬ್ಬರು ಪರೀಕ್ಷಿಸಲು ದಾಖಲೆಗಳನ್ನು ಕೊಡುವಿರಾ? ಇದೇ ಯಂತ್ರವನ್ನು ಬಳಸುವ ಇತರರೊಡನೆ ನಾವು ಮಾತನಾಡಲು ಅಡ್ಡಿಯಿಲ್ಲವಷ್ಟೆ? ಈ ಪ್ರಶ್ನೆಗಳಿಗೆ ನೇರವಾಗಿ ಉತ್ತರಿಸುವ ಕಂಪನಿಯ ಯಂತ್ರದಲ್ಲಿ ದೋಷವಿದ್ದರೂ ಅದನ್ನು ಕೊಳ್ಳಬಹುದು. ‘ನಮ್ಮ ಯಂತ್ರದಲ್ಲಿ ದೋಷವೇ ಬರುವುದಿಲ್ಲ’ ಎಂದು ಉತ್ತರಿಸುವವರನ್ನು ಗೌರವದಿಂದಲೇ ಬೀಳ್ಕೊಡುವುದು ಲೇಸು.

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಒಂದು ದಿನ ತೆರೆಯ ಮೇಲಿನ ಅಂಕಿಯು ಗುಮಾಸ್ತನ ವಿರುದ್ಧ ನುಡಿಯಬಹುದು. ಆಗ ಪೊಲೀಸರಿಗೆ ದೂರು ಬರೆಯುವ ಮೊದಲು, ಇಪ್ಪತ್ತು ವರ್ಷ ಒಂದೇ ಮೇಜಿನಲ್ಲಿ ಕುಳಿತು ಒಂದು ಪೈಸೆಯನ್ನೂ ತಪ್ಪಿಸದ ಆ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಅವನ ಮಾತನ್ನು ಪೂರ್ತಿಯಾಗಿ ಕೇಳಬೇಕು. ಅವನ ಮಾತೂ ಶಬ್ದಪ್ರಮಾಣವೇ.